ಹಿತ್ತಾಳೆಯ ಬೆಸುಗೆ

ಸೈಕಲ್ಲಿನ ಅಂಗಾಂಗಗಳಲ್ಲಿ ಹೆಚ್ಚಿನವು ಬದಲಿಸಲು ಬರುವಂಥವು. ಟೈರು ಸವೆದರೆ ಟೈರು, ಚೈನು ಕಡಿದರೆ ಚೈನು, ಪೆಡಲು ಮುರಿದರೆ ಪೆಡಲು. ಅಂಗಡಿಯವನು ತೂಗುಹಾಕಿದ ಸರಕಿನಿಂದ ಒಂದನ್ನು ಕಳಚಿ ಕೊಟ್ಟರೆ ಕೆಲಸ ಮುಗಿಯಿತು. ಹೀಗೆ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದೊಂದೇ ಭಾಗ ಹೋಗಿ ಇನ್ನೊಂದು ಬಂದು ಸೇರಿದರೂ ಒಡೆಯನು ಅದನ್ನು ತನ್ನ ಹಳೆಯ ಸೈಕಲ್ಲೆಂದೇ ಕರೆಯುತ್ತಾನೆ. ಹಾಗೆ ಕರೆಯಲು ಅವನಿಗಿರುವ ಆಧಾರವೆಂದರೆ ಅದರ ಉಕ್ಕಿನ ಚೌಕಟ್ಟು. ಅದು ಮುರಿದಾಗ ಮಾತ್ರ ಅಂಗಡಿಯವನು ಸರಕಿನತ್ತ ನೋಡುವುದಿಲ್ಲ, ಗಿರಾಕಿಯ ಮುಖವನ್ನು ನೋಡುತ್ತಾನೆ.

ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ 'ರೋವರ್' ಎಂಬ ಸೈಕಲ್ಲನ್ನು ಹೊರತಂದನು. ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಚೈನು ಹಿಂದಿನ ಗಾಲಿಗೆ. ಮುಂದಿನ ಹತ್ತು ವರ್ಷಗಳೊಳಗೆ ಈಗ ಎಲ್ಲರೂ ಬಲ್ಲ ವಜ್ರಾಕೃತಿಯ ಚೌಕಟ್ಟು ನೆಲೆಗೊಂಡಿತು. ಆಮೇಲೆ ಅದರ ಆಕಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ. ಉತ್ತರ ಕರ್ನಾಟಕಕ್ಕೆ ಸೈಕಲ್ಲಿನ ಋಣ ಮತ್ತೊಂದು ಬಗೆಯಲ್ಲಿಯೂ ಉಂಟು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಣ್ಣನೊಡನೆ ಬೆಳಗಾವಿಯಲ್ಲಿ ನಡೆಸಿದ ಸೈಕಲ್ ಅಂಗಡಿಯಿಂದಲೇ ಮುಂದಿನ ನೇಗಿಲು, ಪಂಪುಗಳ ಉದ್ಯಮವೆಲ್ಲ ಬೆಳೆಯಿತು. ಸ್ವಾತಂತ್ರ್ಯದ ನಂತರ ಮದರಾಸಿನ ಹತ್ತಿರದ ಅಂಬತ್ತೂರು, ಬಂಗಾಳದ ಆಸನಸೋಲ್, ಪಂಜಾಬಿನ ಲೂಧಿಯಾನಾ, ಈಗಿನ ಹರಿಯಾಣದ ಸೋನಿಪತ್ ಈ ಊರುಗಳ ಕಾರ್ಖಾನೆಗಳಿಂದ ಹರ್ಕ್ಯುಲಿಸ್, ರಾಲಿ, ಹೀರೋ, ಅಟ್ಲಾಸ್ ಸೈಕಲ್ಲುಗಳು ಹಳ್ಳಿಹಳ್ಳಿಗೂ ಬಂದವು. ಪುರಸಭೆಗಳು ಸೈಕಲ್ಲಿಗೆ ವರ್ಷವರ್ಷ ಕರ ಪಡೆದು ತಗಡಿನ ಬಿಲ್ಲೆ ಕೊಡುತ್ತಿದ್ದುದೂ, ದೀಪವಿಲ್ಲದೆ ರಾತ್ರಿ ಹೊರಟವರು ಪೊಲೀಸರನ್ನು ಕಂಡು ಕೆಳಗಿಳಿದು ನಡೆಯುತ್ತಿದ್ದುದೂ ಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಅಂಥದೊಂದು ಸೈಕಲ್ಲನ್ನು ಶ್ರೀಮಠದ ಪ್ರೌಢಶಾಲೆಯೊಂದರ ಗಣಿತದ ಮಾಸ್ತರರು 1968ರಲ್ಲಿ ಸಹಕಾರಿ ಸಂಘದ ಸಾಲ ಪಡೆದು ಕೊಂಡಿದ್ದರು. ನೌಕರಿಗೆ ಸೇರಿ ಆಗ ಎರಡು ವರ್ಷವಾಗಿತ್ತು. ಸುಗ್ಗಿಯ ಕಾಲದಲ್ಲಿ ಪ್ರಸಾದನಿಲಯಕ್ಕಾಗಿ ಜೋಳ ಕೂಡಿಸಲು ಹಳ್ಳಿಗಳಿಗೆ ಹೋಗುವಾಗ ಅದರ ಕ್ಯಾರಿಯರ್ ಮೇಲೊಂದು ಚೀಲ, ಬಾರಿನ ಮೇಲೆ ಅಡ್ಡವಾಗಿ ಇನ್ನೊಂದು ಚೀಲ ಇರುತ್ತಿದ್ದವು. ಒಂಬತ್ತನೆಯ ತರಗತಿಗೆ ತ್ರಿಭುಜದ ಪಾಠ ಬಂದ ದಿನ ಮಾಸ್ತರರು ಸೈಕಲ್ಲನ್ನೇ ವರ್ಗದೊಳಗೆ ತಂದು ನಿಲ್ಲಿಸುತ್ತಿದ್ದರು. ನಾಲ್ಕು ಕೋಲು ಕೂಡಿಸಿ ಕಟ್ಟಿದ ಚೌಕವನ್ನು ಒತ್ತಿದರೆ ವಾಲುತ್ತದೆ, ಮೂರು ಕೋಲಿನ ತ್ರಿಭುಜ ವಾಲುವುದಿಲ್ಲ. ಆದುದರಿಂದಲೇ ಸೈಕಲ್ಲಿನ ಹಿಂಭಾಗದಲ್ಲಿ ಪೂರ್ಣ ತ್ರಿಭುಜಗಳಿವೆ. ಮುಂಭಾಗದ್ದು ಮಾತ್ರ ನೋಡಲು ತ್ರಿಭುಜ, ಲೆಕ್ಕಕ್ಕೆ ಚತುರ್ಭುಜ, ಏಕೆಂದರೆ ಹ್ಯಾಂಡಲ್ ಕೂಡುವ ಗಿಡ್ಡ ಕೊಳವೆ ಅಲ್ಲಿ ನಾಲ್ಕನೆಯ ಬಾಹುವಾಗುತ್ತದೆ. ಪೆಟ್ಟು ಬಿದ್ದರೆ ನೋವು ಅಲ್ಲಿಯೇ ಎಂದು ಅವರು ಹೇಳುತ್ತಿದ್ದರು. ಆ ಮಾತು ಐವತ್ತೈದು ವರ್ಷಗಳ ಮೇಲೆ ತಮ್ಮ ಸೈಕಲ್ಲಿಗೇ ಅನ್ವಯಿಸುವುದೆಂದು ಅವರು ಎಣಿಸಿರಲಾರರು.

2001ರಲ್ಲಿ ನಿವೃತ್ತರಾದ ಮೇಲೆ ಮಾಸ್ತರರು ಒಂದು ಪದ್ಧತಿ ಇಟ್ಟುಕೊಂಡರು. ದೂರದ ಹಳ್ಳಿಯಿಂದ ಬರುವ ಒಂದು ಮಗುವಿಗೆ ಸೈಕಲ್ಲನ್ನು ಕೊಡುವುದು, ಆ ಮಗು ಎಸ್.ಎಸ್.ಎಲ್.ಸಿ. ಮುಗಿಸಿ ಹೋದಾಗ ಮತ್ತೊಂದಕ್ಕೆ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಈ ಹಳೆಯ ಸೈಕಲ್ಲಿಗೆ ಕೆಲವು ವರ್ಷ ವಿಶ್ರಾಂತಿ ದೊರೆಯಿತು. ಕೊರೋನಾ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಸೈಕಲ್ಲು ಮತ್ತೆ ಗೋಡೆ ಬಿಟ್ಟು ಹೊರಬಂದಿತು. ಆಗ ಅದು ಹೋದದ್ದು ಏಳು ಕಿಲೋಮೀಟರ್ ದೂರದ ಹಳ್ಳಿಯೊಂದರ, ಒಂಬತ್ತನೆಯ ತರಗತಿಯ ಹುಡುಗನ ಕೈಗೆ. ಅವನಿಗೆ ಪ್ರಸಾದನಿಲಯದಲ್ಲಿ ಸ್ಥಳವಿರಲಿಲ್ಲವೆಂದಲ್ಲ. ತಾಯಿಯು ಕಾಯಿಲೆಯವಳು, ಸಂಜೆ ಮನೆಗೆ ಹೋಗಿ ಒಲೆ ಹಚ್ಚುವವನು ಅವನೇ.

2023ರ ಸಂಕ್ರಾಂತಿಯಾದ ಮರುವಾರ ಆ ಸೈಕಲ್ಲಿನ ಕೆಳಗಿನ ಕೊಳವೆಯು ಹೆಡ್ಡಿನ ಹತ್ತಿರ, ಜೋಡಣೆಯಿಂದ ಎರಡು ಬೆರಳು ಹಿಂದೆ, ಬಾಯಿಬಿಟ್ಟಿತು. ಹುಡುಗ ಬಿದ್ದು ಮೊಣಕೈ ತರಚಿಕೊಂಡ. ಗಾಯ ದೊಡ್ಡದಲ್ಲ. ಆದರೆ ಅವನು ಸೈಕಲ್ಲನ್ನು ರಾತ್ರಿ ತಂದು ಮಾಸ್ತರರ ಮನೆಯ ಕಟ್ಟೆಗೆ ಒರಗಿಸಿ, ಯಾರನ್ನೂ ಕೂಗದೆ ಹೋದವನು ಮರುದಿನದಿಂದ ಶಾಲೆಗೆ ಬರಲಿಲ್ಲ. ಮೂರು ದಿನ, ನಾಲ್ಕು ದಿನ ಕಳೆದವು. ಪರೀಕ್ಷೆಗೆ ಎರಡು ತಿಂಗಳಿಗೆ ಸ್ವಲ್ಪ ಹೆಚ್ಚು ಉಳಿದಿತ್ತು. ಬೆಳಗಿನ ಬಸ್ಸು ಆ ಹಳ್ಳಿಗೆ ಬರುವ ಹೊತ್ತಿಗೆ ಶಾಲೆಯಲ್ಲಿ ಎರಡು ತಾಸು ಮುಗಿದಿರುತ್ತವೆ ಎಂಬುದು ಒಂದು ಕಾರಣ. ಹಿರಿಯರ ಸೈಕಲ್ಲನ್ನು ತಾನು ಮುರಿದೆನೆಂಬ ನಾಚಿಕೆ ಎರಡನೆಯದು. ಈ ಎರಡನೆಯದೇ ಗಟ್ಟಿಯಾದದ್ದೆಂದು ಮಾಸ್ತರರು ಗುರುತಿಸಿದರು.

ಸುದ್ದಿ ಕೇಳಿದ ಹಳೆಯ ವಿದ್ಯಾರ್ಥಿಯೊಬ್ಬರು ಹೊಸ ಸೈಕಲ್ಲನ್ನೇ ಕೊಡಿಸಲು ಮುಂದೆ ಬಂದರು. ಉದಾರವಾದ ಮಾತು, ಬೇರೆ ಯಾವ ಸಂದರ್ಭದಲ್ಲಾದರೂ ಅದನ್ನು ಸ್ವೀಕರಿಸುವುದೇ ಯೋಗ್ಯ. ಆದರೆ ಹೊಸದು ಬಂದರೆ ಹಳೆಯದನ್ನು ಮುರಿದವನು ತಾನು ಎಂಬ ಲೆಕ್ಕ ಹುಡುಗನ ಮನಸ್ಸಿನಲ್ಲಿ ಕಾಯಮ್ಮಾಗಿ ಕೂಡುತ್ತದೆ. ಮಾಸ್ತರರು ಹಳ್ಳಿಗೆ ಬಸ್ಸಿನಲ್ಲಿ ಹೋದರು. ಶಾಲೆಯ ಮಾತನ್ನು ಎತ್ತಲಿಲ್ಲ. ಫ್ರೇಮನ್ನು ರಿಪೇರಿಗೆ ಒಯ್ಯಬೇಕಾಗಿದೆ, ಎಂಬತ್ತು ವರ್ಷದ ಕೈಗೆ ಅದು ಏಳುವುದಿಲ್ಲ, ಜೊತೆಗೆ ಒಬ್ಬ ಬೇಕು ಎಂದಷ್ಟೇ ಹೇಳಿದರು. ಹುಡುಗ ಎದ್ದು ಬಂದ.

ಊರಿನಲ್ಲಿ ಒಂದು ಕಾಲಕ್ಕೆ ಬಸ್ ನಿಲ್ದಾಣದಿಂದ ಮಠದವರೆಗೆ ಸಾಲಾಗಿ ಸೈಕಲ್ ಅಂಗಡಿಗಳಿದ್ದವು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವು, ಪಂಕ್ಚರ್ ಹಾಕುವವು, ಗಾಲಿಯ ಡೊಂಕು ತೆಗೆಯುವವು. ಈಗ ಉಳಿದಿರುವವು ಎರಡು. ಮೊದಲನೆಯ ಅಂಗಡಿಯಾತ ಬಿರುಕಿನ ಮೇಲೆ ಬೆರಳಾಡಿಸಿ, "ಇದು ಆಗಂಗಿಲ್ರೀ ಸರ, ಗುಜರಿಗೆ ಹಾಕ್ರಿ" ಎಂದ. ಎರಡನೆಯಾತ ಲೂಧಿಯಾನಾದಿಂದ ಹೊಸ ಫ್ರೇಮ್ ತರಿಸಿಕೊಡುವುದಾಗಿ ಹೇಳಿ, ಎಷ್ಟು ದಿನ ಹಿಡಿಯುವುದೆಂದು ಹೇಳದೆ ಹೋದ.

ಮೂರನೆಯದು ಗೇಟು, ಕಿಟಕಿ, ಟ್ರ್ಯಾಕ್ಟರಿನ ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿ. ಅದರ ಒಡೆಯ ಇದೇ ಶಾಲೆಯಲ್ಲಿ ಓದಿ, ಐ.ಟಿ.ಐ. ಮುಗಿಸಿ ಬಂದ ತರುಣ. ಅವನು ಒಪ್ಪಿಕೊಂಡು ಕೆಲಸ ಕೆಡಿಸಬಹುದಾಗಿತ್ತು; ಅಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವನು ಹಾಗೆ ಮಾಡಲಿಲ್ಲ. ಮೂಲೆಯಲ್ಲಿದ್ದ ಹಳೆಯ ಸೈಕಲ್ ಕೊಳವೆಯ ತುಂಡೊಂದನ್ನು ತಂದು, ವಿದ್ಯುತ್ ವೆಲ್ಡಿಂಗಿನ ಕಡ್ಡಿಯನ್ನು ತಾಗಿಸಿ ತೋರಿಸಿದ. ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ ಬಟಾಣಿಯಷ್ಟು ತೂತು ಬಿದ್ದಿತ್ತು. ಸೈಕಲ್ಲಿನ ಕೊಳವೆ ಹೊರಗಿನಿಂದ ದಪ್ಪವಾಗಿ ಕಂಡರೂ ಅದರ ಗೋಡೆ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಗೇಟಿನ ಪಟ್ಟಿಯನ್ನು ಬೆಸೆಯುವ ಉರಿ ಅದನ್ನು ನುಂಗಿಬಿಡುತ್ತದೆ. ಒಂದು ವೇಳೆ ಹಿಡಿದರೂ, ಬೆಸುಗೆಯ ಪಕ್ಕದ ಉಕ್ಕು ಗಡುಸಾಗಿ, ಇಂದಲ್ಲ ನಾಳೆ ಅಲ್ಲಿಯೇ ಬಿರುಕುಬಿಡುತ್ತದೆ. "ಇದನ್ನ ಹಿತ್ತಾಳೀಲೆ ಬೆಸೀಬೇಕ್ರೀ ಸರ. ನಮಗ ಐ.ಟಿ.ಐ.ದಾಗ ಒಂದ್ಸಲ ತೋರಿಸಿದ್ರು. ನನ್ನ ಕೈಲೆ ಮಾಡಿಲ್ಲ" ಎಂದ. ತಿಳಿಯದ್ದನ್ನು ತಿಳಿಯದೆಂದು ಹೇಳುವ ಕುಶಲಕರ್ಮಿಯನ್ನು ಬೆಳೆಸಿದ್ದಕ್ಕೆ ಶಾಲೆಯು ಹೆಮ್ಮೆಪಡಬೇಕು.

ಹಿತ್ತಾಳೆಯ ಬೆಸುಗೆಯ ಮಾತು ಬಂದಾಗ ಮಾಸ್ತರರಿಗೆ ಪತ್ತಾರರ ನೆನಪಾಯಿತು. ಆಭರಣದ ಮುರುಕನ್ನು ಬೆಸೆಯುವಾಗ ಪತ್ತಾರರು ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಹಾಯಿಸುತ್ತಾರೆ. ಸೈಕಲ್ ಕಾರ್ಖಾನೆಯವರೂ ಬಳಸಿದ್ದು ಅದೇ ಬಿಳಿಗಾರವನ್ನೇ. ಕಾದ ಲೋಹಕ್ಕೆ ಗಾಳಿ ತಾಗಿ ಕಿಟ್ಟ ಹತ್ತದಂತೆ ಅದು ಕಾಯುತ್ತದೆ. ಪೇಟೆಯ ಪತ್ತಾರರು ಬಿರುಕನ್ನು ನೋಡಿ ಮರ್ಮವನ್ನೆಲ್ಲ ಸರಿಯಾಗಿಯೇ ಹೇಳಿದರು. ಆದರೆ ಉಂಗುರವನ್ನು ಕಾಯಿಸುವ ಉರಿಯಿಂದ ಸೈಕಲ್ ಕಾಯುವುದಿಲ್ಲ. ಅವರೇ ಹಳೇ ಹುಬ್ಬಳ್ಳಿಯ ಒಬ್ಬ ಮಿಸ್ತ್ರಿಯ ಗುರುತು ಹೇಳಿದರು: ಹಿಂದೆ ಸೈಕಲ್ಲು, ಸೈಕಲ್ ರಿಕ್ಷಾಗಳ ಫ್ರೇಮ್ ಬೆಸೆಯುತ್ತಿದ್ದವರು, ಬದುಕಿದ್ದರೆ ಅಲ್ಲಿಯೇ ಇರುತ್ತಾರೆ.

ಬರಿ ಫ್ರೇಮನ್ನು ಹೊತ್ತು ಹುಡುಗನೂ, ಕೊಡೆ ಹಿಡಿದು ಮಾಸ್ತರರೂ ಹುಬ್ಬಳ್ಳಿಯ ಬಸ್ಸು ಹತ್ತಿದರು. ಕಂಡಕ್ಟರ್ ಲಗೇಜಿನ ಚೀಟಿ ಹರಿದ, ಅದು ನ್ಯಾಯವೇ. ದುರ್ಗದ ಬೈಲಿನಲ್ಲಿ ಇಬ್ಬರನ್ನು ಕೇಳಿ, ಹಳೇ ಹುಬ್ಬಳ್ಳಿಯಲ್ಲಿ ನಾಲ್ವರನ್ನು ಕೇಳಿ, ಮಧ್ಯಾಹ್ನದ ಹೊತ್ತಿಗೆ ಒಂದು ಮೊಬೈಲ್ ರಿಪೇರಿಯ ಅಂಗಡಿಯ ಮುಂದೆ ನಿಂತರು. ಅದು ಮಿಸ್ತ್ರಿಯ ಮಗನದು. ಒಳಗಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮುದುಕರು ಫ್ರೇಮನ್ನು ಕಂಡು ತಾವಾಗಿಯೇ ಎದ್ದು ಬಂದರು.

ಅವರು ನೋಡಿದ ಬಗೆಯನ್ನು ವಿವರವಾಗಿ ಹೇಳಬೇಕು. ಮೊದಲು ಬಿರುಕನ್ನು ನೋಡಲೇ ಇಲ್ಲ. ಫ್ರೇಮನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು, ಕೆಳಗಿನ ಕೊಳವೆಯ ಹೊಟ್ಟೆಯ ಮೇಲೆ ಹೆಬ್ಬೆರಳು ಎಳೆಯುತ್ತ ಹೋದರು. ಬಿರುಕಿನ ಹತ್ತಿರ ಒಂದು ಕಡೆ ಬೆರಳು ನಿಂತಿತು. ಬಣ್ಣದ ಕೆಳಗೆ ಅಲ್ಲೊಂದು ಸಣ್ಣ ಉಬ್ಬು, ಕಣ್ಣಿಗೆ ಕಾಣದ್ದು. "ಇದು ಯಾವಾಗರೆ ಮುಂದಿನ ಗಾಲೀಲೆ ಹಾದಿತ್ತೇನ್ರೀ?" ಎಂದು ಕೇಳಿದರು. ಮಾಸ್ತರರು ನೆನಪು ಮಾಡಿಕೊಂಡರು. ಬಹಳ ವರ್ಷಗಳ ಹಿಂದೆ ಜೋಳದ ಚೀಲ ಹೇರಿಕೊಂಡು ಬರುವಾಗ ಕತ್ತಲಲ್ಲಿ ನಿಂತಿದ್ದ ಚಕ್ಕಡಿಗೆ ಗುದ್ದಿದ್ದುಂಟು, ಫೋರ್ಕ್ ಬದಲಿಸಿದ್ದುಂಟು. ಮಿಸ್ತ್ರಿ ತಲೆಯಾಡಿಸಿ, ಮಗನ ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತರಿಸಿದರು. ಬಾಯಿಬಿಟ್ಟ ಲೋಹದ ಅಂಚನ್ನು ಹುಡುಗನಿಗೇ ತೋರಿಸಿದರು. ಅಂಚಿನ ಮುಕ್ಕಾಲು ಭಾಗ ಕಂದು ಕಪ್ಪು, ತುಕ್ಕು ಹಿಡಿದದ್ದು. ಮೇಲ್ಭಾಗದ ಕಾಲು ಭಾಗ ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು.

"ಹೊಳಿಯೂದು ಮೊನ್ನೆ ಮುರಿದದ್ದು. ಕಪ್ಪಂದು ಮುರಿದು ವರ್ಷಗಟ್ಟಲೆ ಆತು. ನೀ ಹುಟ್ಟೂಕಿಂತ ಮೊದಲಿಂದ ಇದು ಮುರಕೋಂತ ಬಂದೈತಿ ತಮ್ಮಾ. ನೀ ಮುರದದ್ದಲ್ಲ, ನಿನ್ನ ಕೈಯಾಗ ಮುಗದದ್ದು."

ಹುಡುಗ ಭೂತಗನ್ನಡಿಯನ್ನು ಬಿಡದೆ ಬಹಳ ಹೊತ್ತು ನೋಡಿದ. ಮಾಸ್ತರರು ಹೊರಗೆ ಹೋಗಿ ಚಹಾ ಹೇಳಿ ಬಂದರು. ಇದು ಸಮಾಧಾನಕ್ಕಾಗಿ ಆಡಿದ ಮಾತಲ್ಲ. ಒಮ್ಮೆ ಪೆಟ್ಟು ತಿಂದ ಉಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಪ್ರತಿಯೊಂದು ಕುಲುಕಿಗೂ ಅಷ್ಟಷ್ಟೇ ಮುಂದುವರಿಯುತ್ತದೆ. ತೆರೆದಷ್ಟು ಭಾಗಕ್ಕೆ ನೀರು, ಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ಉಳಿದ ಲೋಹಕ್ಕೆ ಭಾರ ತಡೆಯದಾದ ದಿನ ಒಮ್ಮೆಗೇ ಹರಿಯುತ್ತದೆ. ಯಂತ್ರಶಾಸ್ತ್ರದ ಗ್ರಂಥಗಳು ಹೇಳುವುದೂ ಇದನ್ನೇ.

ಕೆಲಸ ಮಾಡುವ ಮಾತಿಗೆ ಮಿಸ್ತ್ರಿ ಮೊದಲು ಒಪ್ಪಲಿಲ್ಲ. ಗ್ಯಾಸಿನ ಸಿಲಿಂಡರುಗಳನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಕಣ್ಣು ಮೊದಲಿನಂತಿಲ್ಲ. ಬಿರುಕಿನ ಮೇಲೆ ತೇಪೆ ಹಾಕಿ ಕೊಡುವುದು ತಮ್ಮ ಪದ್ಧತಿಯಲ್ಲ, ಕೊಳವೆಯನ್ನೇ ಬದಲಿಸಬೇಕು, ಅದಕ್ಕೆ ಉರಿ ಹಿಡಿಯಲು ಗಟ್ಟಿ ಕೈ ಬೇಕು ಎಂದರು. ಮಾಸ್ತರರು ಊರಿನ ತರುಣನ ಅಂಗಡಿಯಲ್ಲಿ ಆಕ್ಸಿಜನ್, ಅಸಿಟಿಲೀನ್ ಎರಡೂ ಇವೆಯೆಂದೂ, ಅವನ ಕೈ ಗಟ್ಟಿಯಿದೆ, ಅರಿವು ಮಾತ್ರ ಸಾಲದೆಂದೂ ಹೇಳಿದರು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ನಾಜಲ್ ಒಂದನ್ನು ತಂದು ನೋಡಿ, ರವಿವಾರ ಬರುವುದಾಗಿ ಹೇಳಿದರು.

ಶರಣರ ಹೆಸರುಗಳಲ್ಲಿ ಅವರವರ ಕಸುಬು ಅಂಟಿಕೊಂಡೇ ಬಂದಿದೆ: ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಮಾದಾರ ಚನ್ನಯ್ಯ. ವರ್ಷಕ್ಕೊಮ್ಮೆ ಜಯಂತಿಯ ಭಾಷಣಗಳಲ್ಲಿ ಈ ಹೆಸರುಗಳನ್ನು ಗೌರವದಿಂದ ಹೇಳುತ್ತಾರೆ. ಹಗ್ಗ ಹೊಸೆಯುವ, ಬುಟ್ಟಿ ಹೆಣೆಯುವ ಕೈಗಳಿಗೆ ಉಳಿದ ದಿನಗಳಲ್ಲಿ ಎಷ್ಟು ಗೌರವ ಸಲ್ಲುತ್ತದೆ ಎಂಬುದು ಬೇರೆ ಮಾತು. ಅದಿರಲಿ.

ರವಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಮಿಸ್ತ್ರಿ ಬಸ್ಸಿನಿಂದಿಳಿದರು. ತರುಣನು ಗುಜರಿಯಿಂದ ಅದೇ ಅಳತೆಯ ಫ್ರೇಮೊಂದನ್ನು ತಂದಿಟ್ಟಿದ್ದ. ಅದರ ಕೆಳಗಿನ ಕೊಳವೆಯನ್ನು ತಟ್ಟಿ, ಒಳಗೆ ದೀಪ ಹಿಡಿದು ತುಕ್ಕು ನೋಡಿ ಒಪ್ಪಿದರು. ಹೆಡ್ಡಿನ ಬಟ್ಟಲುಗಳು, ಪೆಡಲಿನ ಅಚ್ಚು, ಗುಂಡುಗಳು ಎಲ್ಲವನ್ನೂ ಕಳಚಿಸಿದರು. ಜೋಡಣೆಯ ಸುತ್ತಲಿನ ಬಣ್ಣವನ್ನು ಬಿಳಿಯ ಲೋಹ ಕಾಣುವವರೆಗೆ ಹುಡುಗನ ಕೈಯಿಂದ ಉಜ್ಜಿಸಿದರು. ಒಡೆದ ಕೊಳವೆಯನ್ನು ಗರಗಸದಿಂದ ಕತ್ತರಿಸಿ, ಲಗ್ಗಿನೊಳಗೆ ಉಳಿದ ತುಂಡುಗಳನ್ನು ಕಾಯಿಸಿ, ಹಳೆಯ ಹಿತ್ತಾಳೆ ಕರಗಿದೊಡನೆ ಇಕ್ಕುಳದಿಂದ ಎಳೆದು ತೆಗೆಯುವುದರೊಳಗೆ ಮಧ್ಯಾಹ್ನವಾಯಿತು.

ಹೊಸ ಕೊಳವೆಯನ್ನು ಕೂಡಿಸುವಾಗ ಉರಿ ತರುಣನ ಕೈಯಲ್ಲಿತ್ತು, ಮಾತು ಮಿಸ್ತ್ರಿಯ ಬಾಯಲ್ಲಿತ್ತು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಶಾಖ ಬೇಕು. ಹಿತ್ತಾಳೆಯ ಕಡ್ಡಿ 900ರ ಆಸುಪಾಸಿನಲ್ಲಿಯೇ ನೀರಾಗುತ್ತದೆ. ಈ ಎರಡರ ನಡುವಣ ಅಂತರದಲ್ಲಿ ಕೆಲಸವೆಲ್ಲ ಅಡಗಿದೆ. ಮಿಸ್ತ್ರಿಗೆ ಡಿಗ್ರಿಯ ಲೆಕ್ಕವಿಲ್ಲ, ಬಣ್ಣದ ಲೆಕ್ಕ. ಅಂಗಡಿಯ ಕದಗಳನ್ನು ಮುಚ್ಚಿಸಿ ಕತ್ತಲು ಮಾಡಿದರು. ಬಿಸಿಲಿನಲ್ಲಿ ಕೆಂಪು ತಿಳಿಯುವುದಿಲ್ಲ. ಉರಿಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಕಡ್ಡಿಯನ್ನು ಉರಿಗೆ ಹಿಡಿದು ಕರಗಿಸಬಾರದು, ಕಾದ ಉಕ್ಕಿಗೆ ತಾಗಿಸಿ ಕರಗಿಸಬೇಕು. ಬಿಳಿಗಾರ ಉಬ್ಬಿ, ಬಿಳಿಯ ನೊರೆಯಾಗಿ, ಆಮೇಲೆ ಗಾಜಿನಂತೆ ತಿಳಿಯಾಯಿತು. "ಇನ್ನೂ ಇಲ್ಲ... ಇನ್ನೂ ಇಲ್ಲ... ಈಗ ಕೊಡು" ಎಂದರು. ಹಿತ್ತಾಳೆಯು ಕೊಳವೆಗೂ ಲಗ್ಗಿಗೂ ನಡುವಿನ ಸಂದಿಯೊಳಗೆ, ಎಣ್ಣೆಯು ಬತ್ತಿಯನ್ನು ಏರುವಂತೆ, ತಾನಾಗಿಯೇ ಸರಿದು ಹೋಗಿ ಆಚೆಯ ಅಂಚಿನಲ್ಲಿ ಹಳದಿಯ ಗೆರೆಯಾಗಿ ಕಾಣಿಸಿಕೊಂಡಿತು. ತರುಣನು ಆ ಗೆರೆಯನ್ನು ಕಂಡು ಉರಿಯನ್ನು ಸರಿಸುವುದನ್ನು ಮರೆತ. ಮುದುಕರು ಅವನ ಮೊಣಕೈಯನ್ನು ತಟ್ಟಿದರು. ನೀರು ಹಾಕಗೊಡಲಿಲ್ಲ. ತಾನಾಗಿ ಆರಲೆಂದು ಬಿಟ್ಟು ಎಲ್ಲರೂ ಮಠಕ್ಕೆ ಹೋಗಿ ಪ್ರಸಾದ ಸ್ವೀಕರಿಸಿ ಬಂದರು.

ಉಳಿದದ್ದು ದಾರದ ಪರೀಕ್ಷೆ. ದಾರದ ಒಂದು ತುದಿಯನ್ನು ಹಿಂದಿನ ಗಾಲಿಯ ಅಚ್ಚು ಕೂಡುವ ಎಡಗಡೆಯ ಸೀಳಿಗೆ ಕಟ್ಟಿ, ಮುಂದೆ ಹೆಡ್ಡಿನ ಸುತ್ತ ಬಳಸಿ, ಬಲಗಡೆಯ ಸೀಳಿಗೆ ತಂದು ಬಿಗಿದರು. ಸೀಟಿನ ಕೊಳವೆಯಿಂದ ಎಡದ ದಾರಕ್ಕೂ ಬಲದ ದಾರಕ್ಕೂ ಅಂತರ ಸಮನಾಗಿರಬೇಕು. ಇಲ್ಲವಾದರೆ ಸೈಕಲ್ಲು ಕೈ ಬಿಟ್ಟೊಡನೆ ಒಂದು ಮಗ್ಗುಲಿಗೆ ಎಳೆಯುತ್ತದೆ. ಮಾಸ್ತರರು ಕುರ್ಚಿಯಿಂದೆದ್ದು ಬಂದರು. ಇಷ್ಟು ವರ್ಷ ಅದೇ ಸೈಕಲ್ಲಿನಿಂದ ತ್ರಿಭುಜದ ಪಾಠ ಹೇಳಿದವರಿಗೆ ಅದರ ಮೇಲೆಯೇ ಎಳೆಯಬಹುದಾದ ಈ ಸಮದ್ವಿಬಾಹು ತ್ರಿಭುಜ ಹೊಳೆದಿರಲಿಲ್ಲ. ಅಳತೆಪಟ್ಟಿ ಹುಡುಗನ ಕೈಗೆ ಬಂದಿತು. ಎರಡು ಮಿಲಿಮೀಟರ್ ವ್ಯತ್ಯಾಸ. ಮಿಸ್ತ್ರಿ ಫ್ರೇಮನ್ನು ಮಣೆಯ ಮೇಲೆ ಮಲಗಿಸಿ, ಹಿಂದಿನ ಕವಲನ್ನು ಮೊಣಕಾಲಿನಿಂದ ಒತ್ತಿ, ಮತ್ತೆ ಅಳೆಯಲು ಹೇಳಿದರು. ಮೂರನೆಯ ಸಲಕ್ಕೆ ಎರಡೂ ಕಡೆ ಒಂದೇ ಅಂಕಿ ಬಂದಿತು.

ಕೊಳವೆ, ಹಿತ್ತಾಳೆ, ಬಿಳಿಗಾರ, ಬಸ್ಸಿನ ಖರ್ಚು, ಇಡೀ ದಿನದ ಕೂಲಿ ಎಲ್ಲ ಸೇರಿ ಮಿಸ್ತ್ರಿ ಒಂದು ಮೊತ್ತ ಹೇಳಿದರು. ಮಾಸ್ತರರು ಎಣಿಸಿ ಕೊಟ್ಟರು. ಬೇಡ, ಇರಲಿ ಎಂಬ ಉಪಚಾರ ಯಾವ ಕಡೆಯಿಂದಲೂ ನಡೆಯಲಿಲ್ಲ. ಹೊಸ ಸೈಕಲ್ಲಿನ ಮಾತನಾಡಿದ್ದ ಹಳೆಯ ವಿದ್ಯಾರ್ಥಿಗೆ ಮಾಸ್ತರರು ಕಾರ್ಡು ಬರೆದು, ಆ ಹಣದಲ್ಲಿ ತರುಣನ ಅಂಗಡಿಗೆ ಬೆಸುಗೆಯ ನಾಜಲುಗಳನ್ನೂ, ವರ್ಷಕ್ಕಾಗುವಷ್ಟು ಹಿತ್ತಾಳೆಯ ಕಡ್ಡಿಗಳನ್ನೂ ಕೊಡಿಸಬಹುದೇ ಎಂದು ಕೇಳಿದರು. ಅವರು ಕೊಡಿಸಿದರು. ಮಿಸ್ತ್ರಿ ಹೊರಡುವಾಗ ಬೆಸುಗೆಯ ಮೇಲೆ ಒಂದು ತಿಂಗಳು ಬಣ್ಣ ಹಚ್ಚಕೂಡದೆಂದು ಹುಡುಗನಿಗೆ ಹೇಳಿದರು. ಬಣ್ಣ ಬಿದ್ದರೆ ಬಿರುಕು ಮುಚ್ಚಿಹೋಗುತ್ತದೆ. ಬರಿ ಲೋಹವಾದರೆ ದಿನವೂ ಎಣ್ಣೆಯ ಬಟ್ಟೆಯಿಂದ ಒರೆಸುವಾಗ ಕಣ್ಣಿಗೆ ಬೀಳುತ್ತದೆ. ಹುಡುಗ ಸೋಮವಾರ ಮೊದಲ ಗಂಟೆಗೆ ಶಾಲೆಯಲ್ಲಿದ್ದ. ಮಾರ್ಚ್ 31ರಂದು ಆರಂಭವಾದ ಪರೀಕ್ಷೆಗೆ ಅದೇ ಸೈಕಲ್ಲಿನ ಮೇಲೆ ಬಂದ. ಕಪ್ಪು ಫ್ರೇಮಿನ ಕೊರಳಲ್ಲಿ ಆಗಲೂ ಹಳದಿಯ ಗೆರೆ ಕಾಣುತ್ತಿತ್ತು. ಬಣ್ಣ ಹಚ್ಚುವುದನ್ನು ಅವನು ಮರೆತಿದ್ದನೋ, ಬೇಕೆಂದೇ ಬಿಟ್ಟಿದ್ದನೋ, ಯಾರೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಹಾಲು ಹಾಕುವವನೊಬ್ಬ ತನ್ನ ಸೈಕಲ್ಲಿನ ಮುರಿದ ಫ್ರೇಮನ್ನು ತರುಣನ ಅಂಗಡಿಗೆ ಹೊತ್ತು ತಂದ. ತರುಣನು ಕದ ಮುಚ್ಚಿಕೊಂಡು ಒಬ್ಬನೇ ಬೆಸೆದು, ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದ. ಮಿಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು, "ದಾರ ಹಿಡದು ನೋಡಿದ್ಯಾ?" ಎಂದರು.